ಹಸಿ ಶಲ್ಯ

ಚನಮಲ್ಲನಿಗೆ ಸಾಕುಸಾಕಾಗಿತ್ತು. ಯಾರಿಗೆ ಬೇಕಪ್ಪಾ ಈ ಪಾಡು!

ಮಠಕ್ಕೆ ಬಂದದ್ದು ಗುರುಗಳಾದ ಅಜ್ಜಾರ ಕಾಲಡಿ ಕೂತು ನಾಲ್ಕು ಮಾತು ಕಲಿಯಲೆಂದು. ಸಿಕ್ಕಿದ್ದು ನೀಲವ್ವ ಎಂಬ ಪುಟ್ಟ ಹುಡುಗಿಯ ಬಲಗೈ. ಸೆರೆಬ್ರಲ್ ಪಾಲ್ಸಿ ಎಂದಿದ್ದರು ಡಾಕ್ಟರು. ಹುಟ್ಟಿನಿಂದಲೇ ಆ ಕೈಯಲ್ಲಿ ಬಲವಿಲ್ಲ, ಮುಷ್ಟಿ ಬಿಚ್ಚುವುದಿಲ್ಲ. ಎರಡೂ ಕೈ ಕೂಡಿ ಮಾಡುವಂಥ ಕೆಲಸ ದಿನಾ ಕೊಡಿ ಎಂದೂ ಹೇಳಿದ್ದರು.

ಅಜ್ಜಾರು ಕೊಟ್ಟ ಕೆಲಸ, ಹೊಳೆಯಲ್ಲಿ ಒಗೆದ ತಮ್ಮ ಶಲ್ಯ ಹಿಂಡುವುದು.

ದಿನಾ ಬೆಳಿಗ್ಗೆ ಚನಮಲ್ಲ ಅವಳ ಬೆರಳು ಮೆಲ್ಲಗೆ ಬಿಡಿಸಿ ಶಲ್ಯದ ತುದಿ ಹಿಡಿಸುತ್ತಿದ್ದ. ಎಡಗೈ ತಿರುವಿತೋ ಇಲ್ಲವೋ, ಬಲಗೈಯಿಂದ ತುದಿ ಜಾರಿಬಿಡುತ್ತಿತ್ತು. ಮತ್ತೆ ಹಿಡಿಸಬೇಕು. ಚಳಿಗಾಲ ಬಂದರೂ ಅದೇ ರಾಗ ಅದೇ ಹಾಡು.

ಅಜ್ಜಾರಿಗೆ ಮೊದಲೇ ಕೆಮ್ಮು. ಹಸಿ ಬಟ್ಟೆ ಹೊದ್ದರೆ ಗತಿಯೇನೆಂದು ಅವನು ಹುಣಸೆಮರದ ಮರೆಯಲ್ಲಿ ಶಲ್ಯವನ್ನು ತಾನೇ ಇನ್ನೊಮ್ಮೆ ಹಿಂಡಿ ಒಯ್ಯುತ್ತಿದ್ದ.

ಒಂದು ದಿನ ನೀಲವ್ವ ಅದನ್ನು ಕಂಡಳು. ಮರುದಿನ ಬಲಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡಳು.

"ನೀವ ಹಿಂಡ್ರಿ, ಅಣ್ಣಾರ. ನಾ ಹಿಂಡಿದ್ದು ಯಾರಿಗೂ ಬ್ಯಾಡ."

ಚನಮಲ್ಲ ಅಜ್ಜಾರ ಮುಂದೆ ಹೋಗಿ ನಿಂತ.

"ನನ್ನ ಕೈಲೆ ಆಗೂದಿಲ್ರಿ, ಅಜ್ಜಾರ. ಆಕಿ ಹಿಂಡೂದ ಬಿಟ್ಟಾಳ. ನನಗೂ ಬ್ಯಾಸರ ಆಗೇತಿ."

"ಇಷ್ಟ ದಿನ ನಾ ಹೊದ್ದದ್ದು ಯಾರು ಹಿಂಡಿದ್ದು?"

ಅವನ ಮುಖ ಸಪ್ಪಗಾಯಿತು. "ನಾನ ರೀ."

ಅಜ್ಜಾರು ಎದ್ದು ಹೊಳೆಗಿಳಿದರು, ಶಲ್ಯ ತೋಯಿಸಿದರು, ಹುಡುಗಿಯ ಎದುರಿಗೆ ಕೂತರು.

"ಹಿಂಡಿಕೊಡು, ತಂಗಿ."

"ನೀರ ಉಳಿತಾವ, ಅಜ್ಜ."

"ಉಳೀಲಿ ಬಿಡು."

ಬಹಳ ಹೊತ್ತಿನ ಮೇಲೆ ಆ ಕೈ ಹೊರಬಂತು. ಹಿಂಡಿದಳು. ಇಳಿದದ್ದು ನಾಲ್ಕೇ ಹನಿ.

ಅಜ್ಜಾರು ಅದನ್ನೇ ಹೊದ್ದರು. ನೀರು ಬೆನ್ನ ಮೇಲೆ ಹರಿಯಿತು. ಚನಮಲ್ಲ ಕೈ ಚಾಚಿದ, ಅವರು ಕೊಡಲಿಲ್ಲ.

ಮುಂದಿನ ದಿನಗಳಲ್ಲೂ ಹಾಗೆಯೇ. ಅಜ್ಜಾರು ಕೆಮ್ಮಿದಾಗೆಲ್ಲ ಚನಮಲ್ಲ ಮತ್ತೆ ಶಲ್ಯಕ್ಕೆ ಕೈ ಚಾಚುತ್ತಿದ್ದ.

ಎಂದೂ ಇಲ್ಲದಷ್ಟು ಮಂಜು ಕವಿದ ಒಂದು ಬೆಳಿಗ್ಗೆ, ನೀಲವ್ವನ ಬಲಗೈ ತುದಿಯನ್ನು ತುಸು ಹೆಚ್ಚು ಹೊತ್ತು ಹಿಡಿದಿತ್ತು, ನಾಲ್ಕು ಹನಿ ಜಾಸ್ತಿಯೇ ಇಳಿದವು. ಚನಮಲ್ಲ ಅದನ್ನು ನೋಡಲಿಲ್ಲ. ಅವನು ನೋಡಿದ್ದು ಅಜ್ಜಾರ ನಡುಗುವ ಭುಜವನ್ನು.

"ಇನ್ನ ಎಷ್ಟ ದಿನ ಹಿಂಗ ಥಂಡ್ಯಾಗ ನಡಗತೀರಿ, ಅಜ್ಜಾರ?"

ಅಜ್ಜಾರು ಅವನ ಕಡೆ ತಿರುಗಲಿಲ್ಲ. ನೀಲವ್ವ ಅವರ ಹೆಗಲ ಮೇಲಿನ ಶಲ್ಯವನ್ನೇ ನೋಡುತ್ತಿದ್ದಳು. ಅವಳಿಗೆ ಹೇಳಿದರು:

"ನಿನ್ನಿಕಿಂತ ಇವತ್ತ ಬೆಚ್ಚಗೈತಿ, ತಂಗಿ."