ಮುಳುಗದ ಸಾಗರಸಿಂಹ

ಹೊಳೆಯ ದಂಡೆಯಲ್ಲಿ ಪುಂಡಲೀಕ ಮೇಸ್ತರ ಬಿಡಾರ. ಜನ ಅದನ್ನು ಆಶ್ರಮ ಅಂತಲೇ ಕರೆಯುತ್ತಿದ್ದರು. ಮಂತ್ರವಿಲ್ಲ, ತಂತ್ರವಿಲ್ಲ, ದಿನವಿಡೀ ಉಪ್ಪುಕಾಗದ ಉಜ್ಜುವ ಸದ್ದು. ಮೊಳದುದ್ದದ ಮಾದರಿ ಹಡಗುಗಳನ್ನು ಮಾಡುವುದನ್ನು ಮೇಸ್ತರು ಅಲ್ಲಿ ಕಲಿಸುತ್ತಿದ್ದರು.

ಕಲಿಸುತ್ತಿದ್ದರು ಅನ್ನುವುದೂ ಹೆಚ್ಚೇ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟ ಮನುಷ್ಯರೇ ಅಲ್ಲ ಅವರು.

ಅವರ ಶಿಷ್ಯ ಶೇಷಗಿರಿ, ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು. ಆರು ವರ್ಷ ಒಂದೇ ಯುದ್ಧನೌಕೆಯ ಮಾದರಿಯ ಹಿಂದೆ ಬಿದ್ದಿದ್ದ. ಒಂದು ದಿನ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

"ಗುರುಗಳೇ, ಕೆಲಸ ಮುಗೀತು ಅನ್ಸುತ್ತೆ. ನಿಮ್ಮ ಬಾಯಿಂದ ಒಂದು ಸಲ ಮುಗೀತು ಅಂದುಬಿಡಿ."

ಮೇಸ್ತರು ಕನ್ನಡಕ ಏರಿಸಿದರು. "ಯಾವ ಹಡಗಯ್ಯಾ ಇದು?"

"ಸಾಗರಸಿಂಹ. ನಮ್ಮಪ್ಪ ಇದ್ದ ಹಡಗು."

"ಸಾಗರಸಿಂಹಕ್ಕೆ ಎರಡು ಹೊಗೆಕೊಳವೆ. ಇಲ್ಲಿ ಒಂದೇ ಇದೆ."

"ಹೊಸದು ಮಾಡಿದೀನಿ ಗುರುಗಳೇ."

ಸಂಗತಿ ಇಷ್ಟು. ಸಾಗರಸಿಂಹಕ್ಕೆ ಅದೇ ನಮೂನೆಯ ಒಂದು ಜೋಡಿ ಹಡಗಿತ್ತು. ಯುದ್ಧದ ನಡುವೆಯೇ ಅದನ್ನು ಬಂದರಿಗೆ ತಂದು, ನಡುವಿನ ಹಳೇ ಗೋಪುರ ಕಿತ್ತು ಉಕ್ಕಿನ ಹೊಸ ಗೋಪುರ ಕೂರಿಸಿದರು, ಎರಡು ಹೊಗೆಕೊಳವೆ ತೆಗೆದು ಒಂದೇ ಮಾಡಿದರು. ಪಕ್ಕೆಗೆ ದಪ್ಪ ಕವಚ ಹೊದಿಸಿದರು, ವಿಮಾನ ಹೊಡೆಯುವ ಫಿರಂಗಿ ಇಟ್ಟರು. ಅದು ಯುದ್ಧ ಮುಗಿಸಿ ವಾಪಸು ಬಂತು.

ಜೋಡಿ ಹಡಗಿನ ರಿಪೇರಿಯಾದ ಮುಂದಿನ ತಿಂಗಳೇ ಸಾಗರಸಿಂಹದ ಸರದಿಯಿತ್ತು. ಅಷ್ಟರಲ್ಲಿ ವಿಮಾನಗಳು ಬಂದವು. ಹಡಗು ಮುಳುಗಿತು, ಅದರ ಜೊತೆ ಶೇಷಗಿರಿಯ ಅಪ್ಪನೂ ಹೋದರು. ಆಗ ಇವನಿಗೆ ನಾಲ್ಕು ವರ್ಷ.

ಈಗ ಅವನು ಹಳೇ ಸಾಗರಸಿಂಹದ ಪ್ಲಾಸ್ಟಿಕ್ ಕಿಟ್ ಕೊಂಡು, ಅದನ್ನು ಕೊಯ್ದು, ಅಂದು ಆಗದೇ ಹೋದ ರಿಪೇರಿಯನ್ನೆಲ್ಲ ತಾನೇ ಮಾಡಿದ್ದ. ಕಿಟ್ಟಿನಲ್ಲಿ ಇಲ್ಲದ್ದನ್ನು ಕೈಯಾರೆ ಮಾಡಿದ್ದ. ಖಾಲಿ ರೀಫಿಲ್ಲಿನಿಂದ ಫಿರಂಗಿಯ ನಳಿಗೆ, ಡಬ್ಬಿಯ ತಗಡಿನಿಂದ ಕವಚ. ಈ ಹಡಗು ಮಾತ್ರ ಮುಳುಗಬಾರದು, ಅಷ್ಟೇ ಅವನ ಆಸೆ.

ಮೇಸ್ತರು ಹಡಗನ್ನು ಎತ್ತಿ ಕಲ್ಲುಬಾನಿಯ ನೀರಿಗೆ ಬಿಟ್ಟರು. ಅದು ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ವಾಲಿ ಬೋರಲು ಬಿತ್ತು.

"ಈಗ ಮುಗೀತು ನೋಡು," ಅಂದರು ಮೇಸ್ತರು.

"ಅಯ್ಯಯ್ಯೋ ಗುರುಗಳೇ!" ಶೇಷಗಿರಿ ಬಾನಿಗೆ ಕೈ ಹಾಕಿ ಹಡಗನ್ನು ಎತ್ತಿಕೊಂಡ. "ಮುಳುಗಬಾರದು ಅಂತ ಹಾಕಿದ್ದೇ ಇದನ್ನ ಮುಳುಗಿಸ್ತಾ ಇದೆಯಲ್ಲ!"

"ಹೌದು," ಎಂದು ಮೇಸ್ತರು ಗಂಜಿ ಕುಡಿಯಲು ಒಳಗೆ ಹೋದರು.

ಶೇಷಗಿರಿಯ ತಲೆ ಕೆಟ್ಟುಹೋಯಿತು. ಭಾರ ಕಡಿಮೆ ಮಾಡು ಅಂತ ಗುರುಗಳ ಮನಸ್ಸಿನಲ್ಲಿ ಇರಬೇಕು ಅಂದುಕೊಂಡು, ಎರಡು ಫಿರಂಗಿ ಕಿತ್ತ.

ಮೇಸ್ತರು ಹೊರಗೆ ಬಂದು ಕಣ್ಣು ಕೆಂಪಗೆ ಮಾಡಿದರು. "ಕೀಳು ಅಂತ ನಾನು ಹೇಳಿದ್ನಾ?"

"ಇಲ್ಲ."

"ಮತ್ತೆ?"

ಕಿತ್ತಿದ್ದನ್ನು ಮತ್ತೆ ಅಂಟಿಸಿದ. ಹಾಗಾದರೆ ಮೇಲಿನ ಭಾರಕ್ಕೆ ಕೆಳಗೂ ಭಾರ ಬೇಕಿರಬೇಕು ಅನ್ನಿಸಿತು. ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಹಡಗಿನ ತಳಕ್ಕೆ ತುಂಬಿದ. ಈ ಸಲ ಹಡಗು ಕದಲದೆ ನಿಂತಿತು. ಮೇಸ್ತರು ನೀರು ಕಲಕಿದರು, ಆದರೂ ನಿಂತಿತು.

"ಭಲೇ! ಚೆನ್ನಾಗಿ ತೇಲ್ತಾ ಇದೆ."

"ಹಾಗಾದ್ರೆ ಮುಗೀತಾ ಗುರುಗಳೇ?"

"ನಂಗೇನಯ್ಯಾ ಗೊತ್ತು?"

ಶೇಷಗಿರಿಗೆ ಅಳುವೂ ಬಂತು, ಸಿಟ್ಟೂ ಬಂತು. "ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ಮುಳುಗಿದ್ರೆ ಹೌದು ಅಂತೀರಿ, ತೇಲಿದ್ರೆ ಗೊತ್ತಿಲ್ಲ ಅಂತೀರಿ. ಆರು ವರ್ಷ ಆಯ್ತು, ನನ್ನ ಹೊಟ್ಟೆ ಉರಿಸಬೇಡಿ. ಅಪ್ಪ ವಾಪಸು ಬಂದ ಹಾಗೆ ಒಂದು ಸಲ ಆಗ್ಲಿ ಅಂತ ಇಷ್ಟೆಲ್ಲ ಮಾಡಿದ್ದು."

ಮೇಸ್ತರು ಬೆಂಕಿಕಡ್ಡಿಯೊಂದರ ತುದಿಯನ್ನು ಚೂರಿಯಿಂದ ಕೆತ್ತತೊಡಗಿದರು. ಅಕ್ಕಿಕಾಳಿನಷ್ಟು ದೊಡ್ಡ ಒಂದು ಆಳು ಮೂಡಿತು. ಅದಕ್ಕೆ ತಲೆಯಿತ್ತು, ಎರಡು ಕಾಲಿತ್ತು.

"ತಗೋ. ನಿಮ್ಮಪ್ಪ. ಹಡಗಿನಲ್ಲಿ ನಿಲ್ಲಿಸು."

ಶೇಷಗಿರಿ ಚಿಮಟದಲ್ಲಿ ಅಪ್ಪನನ್ನು ಹಿಡಿದುಕೊಂಡ. ಗೋಪುರದ ಹತ್ತಿರ ಒಯ್ದ, ಹಿಂದಕ್ಕೆ ತಂದ. ಹೊಗೆಕೊಳವೆಯ ಬುಡದಲ್ಲಿ ಇಟ್ಟು ನೋಡಿದ, ಸರಿಹೋಗಲಿಲ್ಲ. ಹಡಗಿನ ಮೂತಿಯ ತುದಿಗೆ ಒಯ್ದ, ಅಲ್ಲೂ ಮನಸ್ಸು ಒಪ್ಪಲಿಲ್ಲ.

"ಯಾಕಯ್ಯಾ, ಇಷ್ಟು ದೊಡ್ಡ ಹಡಗಲ್ಲಿ ಜಾಗ ಇಲ್ವಾ?"

"ಅಪ್ಪ ಬಾವುಟ ಬೀಸಿ ಬೇರೆ ಹಡಗುಗಳಿಗೆ ಸುದ್ದಿ ಹೇಳೋರು ಗುರುಗಳೇ. ಹಳೇ ಗೋಪುರದ ಎಡಕ್ಕೆ, ಬಯಲಲ್ಲಿ, ಒಂದು ಸಣ್ಣ ಅಟ್ಟಣಿಗೆ ಇತ್ತು. ಅಲ್ಲೇ ನಿಂತಿರೋರು."

"ಅದೆಲ್ಲಿ?"

"ಕೊಯ್ದುಬಿಟ್ಟೆ." ಅವನು ಗೋಪುರದ ಎಡಕ್ಕೆ ಬೆರಳು ಮಾಡಿದ. "ಅಲ್ಲೇ ಹೊಸ ಫಿರಂಗಿ ಕೂತಿರೋದು."

ಹಡಗು ಗಟ್ಟಿಯಾಗಿ ತೇಲುತ್ತಿತ್ತು. ಚಿಮಟದ ತುದಿಯಲ್ಲಿ ಅಪ್ಪ ಹಾಗೇ ಇದ್ದರು.

"ಅಟ್ಟಣಿಗೆ ಮತ್ತೆ ಕಟ್ಟಬೇಕು ಅಂದ್ರೆ ಫಿರಂಗಿ ಹೋಗ್ಬೇಕು," ಅಂದ ಶೇಷಗಿರಿ. "ಹೊಸ ಗೋಪುರವೂ ಹೋಗ್ಬೇಕು. ಆಮೇಲೆ ಉಳಿಯೋದು ಹಳೇ ಹಡಗೇ. ಹಳೇದು ಮುಳುಗುತ್ತೆ ಗುರುಗಳೇ!"

ಮೇಸ್ತರು ಸಣ್ಣ ಗರಗಸವನ್ನು ಅವನ ಕೈಗೆ ಕೊಟ್ಟರು.

"ಮುಳುಗುತ್ತೆ. ಮುಳುಗೋ ತನಕ ನಿಮ್ಮಪ್ಪ ಅಲ್ಲಿ ನಿಂತಿರ್ತಾರಲ್ಲಯ್ಯಾ."