ಜರುಗದ ಬಿಸಿಲು

ಹೊಳೆದಂಡೆಯ ಆಶ್ರಮವೊಂದರಲ್ಲಿ ಚೆಲುವಯ್ಯ ಎಂಬ ಮೇಷ್ಟ್ರು ಇದ್ದರು. ಬೇರೆ ಆಶ್ರಮಗಳಲ್ಲಿ ವೇದ ಹೇಳಿಕೊಡುವ ಹಾಗೆ ಅವರು ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಿದ್ದರು.

ವಾರಿಜಾ ಅವರ ಬಳಿ ಮೂರು ವರ್ಷದಿಂದ ಕಲಿಯುತ್ತಿದ್ದಳು. ಅವಳಿಗಿದ್ದದ್ದು ಒಬ್ಬನೇ ಶತ್ರು: ಚಪ್ಪರದ ಬಿಸಿಲು. ತೆಂಗಿನ ಗರಿಗಳ ಸಂದಿಯಿಂದ ಇಳಿದು ಅದು ಜನರ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂರುತ್ತಿತ್ತು. ಮದುವೆಯಿರಲಿ, ಆರಾಧನೆಯಿರಲಿ, ವಾರಿಜಾ ಮೊದಲು ಏಣಿ ತರಿಸಿ ಸಂದಿಗಳನ್ನು ಮುಚ್ಚಿಸುತ್ತಿದ್ದಳು. ಮುಚ್ಚಲಾಗದ ಕಡೆ ಜನರನ್ನೇ ಜರುಗಿಸುತ್ತಿದ್ದಳು.

“ವಾರಿಜಮ್ಮ ನಿಂತಿದ್ದರೆ ಸೂರ್ಯನೂ ಚಪ್ಪಲಿ ಬಿಟ್ಟು ಒಳಗೆ ಬರಬೇಕು,” ಎಂದು ಅಡುಗೆಯ ಸಿದ್ದಮ್ಮ ನಗುತ್ತಿದ್ದಳು.



ಒಂದು ದಿನ ಆಶ್ರಮದ ಚಪ್ಪರದಲ್ಲಿ ಮಾದೇವಿ ಎಂಬ ಹುಡುಗಿಯ ಮದುವೆ. ಧಾರೆಯ ಹೊತ್ತಿನಲ್ಲಿ ಅವಳು ತಲೆ ಎತ್ತಿರಲೇ ಇಲ್ಲ. ಈಗ ಊಟವೂ ಮುಗಿದು, ಗಂಡಿನ ಊರಿಗೆ ಹೊರಡಲು ಗಾಡಿ ಬಂದು ನಿಂತಿತ್ತು. ವಾರಿಜಾ ಅವಳನ್ನು ಮಣೆಯ ಮೇಲೆ ಕೂರಿಸಿ ಕ್ಯಾಮೆರಾ ಎತ್ತಿದಳು.

“ಕೆನ್ನೆ ಮೇಲೆ ಬಿಸಿಲು ಬಿದ್ದಿದೆ. ಸ್ವಲ್ಪ ಎಡಕ್ಕೆ ಜರುಗಮ್ಮ.”

ಮಾದೇವಿ ಜರುಗಿದಳು.

“ಇನ್ನೂ ಸ್ವಲ್ಪ.”

ಜರುಗಿದಳು.

“ಇನ್ನೂ ಹಾಗೇ ಇದೆಯಲ್ಲ! ಹೇಳಿದಷ್ಟು ಮಾಡೋದಕ್ಕೆ ಏನಮ್ಮ ಕಷ್ಟ?”

“ಅದು ಬಿಸಿಲಲ್ಲ ಅಕ್ಕ,” ಎಂದಳು ಮಾದೇವಿ. “ತೊನ್ನು.”



ಗಂಡಿನ ಸೋದರತ್ತೆ ಎದ್ದು ಬಂದಳು. “ನಾವು ನೋಡೇ ಒಪ್ಕೊಂಡಿದ್ದೀವಿ ಕಣಮ್ಮ. ನಿನ್ನನ್ನ ಯಾರು ಕೇಳಿದ್ರು?”

ಮಾದೇವಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. “ನಂಗೆ ಫೋಟೋ ಬೇಡ. ಹೊರಡೋಣ.”

ವಾರಿಜಾ ಮೇಷ್ಟ್ರ ಬಳಿಗೆ ಬಂದಳು.

“ನನ್ನಿಂದ ತಪ್ಪಾಯಿತು ಮೇಷ್ಟ್ರೇ. ಮುಖ ಕಾಣುವ ಫೋಟೋ ಒಂದೂ ಇಲ್ಲದೆ ಹೋಗುತ್ತಿದ್ದಾಳೆ. ಏನೆಂದು ಕ್ಷಮೆ ಕೇಳಲಿ?”

ಮೇಷ್ಟ್ರು ಅವಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಹೋಗಿ ಮಾದೇವಿಯ ಕೈಗೆ ಕೊಟ್ಟರು.

“ಮಗಳೇ, ಹೊರಡೋ ಮುಂಚೆ ಒಂದು ಉಪಕಾರ ಮಾಡು. ಮೂರು ವರ್ಷದಿಂದ ಇವಳು ಎಲ್ಲರ ಫೋಟೋ ತೆಗೆದಿದ್ದಾಳೆ. ಇವಳದು ಒಂದೂ ಇಲ್ಲ. ಇಲ್ಲಿ ಒತ್ತಿದರೆ ಸಾಕು. ಆದರೆ ಮುಖದ ಮೇಲೆ ಒಂದು ಚುಕ್ಕೆಯೂ ಇರಬಾರದು.”

ವಾರಿಜಾಳಿಗೆ ಮಣೆ ತೋರಿಸಿದರು. ಅವಳು ಹೋಗಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಕ್ಯಾಮೆರಾದಲ್ಲಿ ನೋಡಬೇಕಾದರೆ ಸೆರಗು ಸರಿಸಲೇಬೇಕು. ಮಾದೇವಿ ಸರಿಸಿದಳು.

“ಅಕ್ಕ, ಮೂಗಿನ ಮೇಲೆ ಬಿಸಿಲು. ಬಲಕ್ಕೆ ಬನ್ನಿ.”

ವಾರಿಜಾ ಜರುಗಿದಳು.

“ಈಗ ಹಣೆ ಮೇಲೆ. ಹಿಂದಕ್ಕೆ.”

ಜರುಗಿದಳು.

“ಅಯ್ಯೋ, ಮೂರಾಯ್ತು! ಸುಮ್ಮನೆ ಕೂತ್ಕೊಳ್ಳಿ ಅಕ್ಕ, ಜರುಗಿದಷ್ಟೂ ಜಾಸ್ತಿ ಆಗ್ತಿದೆ.”

“ಹೊಲದಲ್ಲಿ ಸುಣ್ಣದ ಬೊಟ್ಟಿಟ್ಟು ನಿಲ್ಲಿಸಿದ ಮಡಕೆ ಥರ ಕಾಣ್ತೀಯ ಕಣಮ್ಮ,” ಎಂದಳು ಸೋದರತ್ತೆ.

ಮಾದೇವಿ ನಕ್ಕಳು. ನಗುತ್ತಲೇ ಒತ್ತಿದಳು. ವಾರಿಜಾ ಬೆವರುತ್ತಿದ್ದಳು.

“ನಿಮ್ಮದು ಆಯ್ತು. ಈಗ ನಂದು ತೆಗೀರಿ,” ಎಂದು ಮಾದೇವಿ ಕ್ಯಾಮೆರಾ ಹಿಂದಕ್ಕೆ ಕೊಟ್ಟು ಮಣೆಯ ಮೇಲೆ ಕುಳಿತಳು. ಸೆರಗು ಹೆಗಲ ಮೇಲಿತ್ತು.

ವಾರಿಜಾ ಕ್ಯಾಮೆರಾದಲ್ಲಿ ನೋಡಿದಳು. ಗಾಳಿಗೆ ಗರಿ ಅಲುಗಿತು. ಅವಳ ಬೆರಳು ನಿಂತಿತು.

“ಮೇಷ್ಟ್ರೇ,” ಎಂದಳು ಮೆಲ್ಲಗೆ, “ಈಗ ಎರಡು ಕೆನ್ನೆಯ ಮೇಲೂ ಇದೆ. ಯಾವುದು ಬಿಸಿಲು ಅಂತ ಗೊತ್ತಾಗುತ್ತಿಲ್ಲ.”

ಮೇಷ್ಟ್ರು ಹೇಳಿದರು: “ಗೊತ್ತಾಗುವ ಮೊದಲು ತೆಗಿ.”