ಹೆಜ್ಜೆಮ್ಮನ ಬಂಡೆಯು ತಳವಾರನ ಕಾಲು ಹಿಡಿದ ಮಹಾತ್ಮೆ

ಸಕಲ ಸನ್ಮಂಗಳಪ್ರದಾಯಿನಿಯಾದ ಶ್ರೀ ಹೆಜ್ಜೆಮ್ಮ ದೇವಿಯು ಬ್ರಾಹ್ಮೀಮುಹೂರ್ತದಲ್ಲಿ ಪ್ರತ್ಯಕ್ಷಳಾಗಿ, ಈ ಪುಣ್ಯಕಥನವನ್ನು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಡಿಮೆಯಿಲ್ಲದೆ, ಇದನ್ನು ಬರೆದವನ ಬಲಗಿವಿಯಲ್ಲಿ ತಾನೇ ಉಸುರಿದಳೆಂಬುದನ್ನು ಭಕ್ತಾದಿಗಳು ಮೊದಲು ತಿಳಿಯತಕ್ಕದ್ದು. ಸುಳ್ಳು. ಬರೆದವನು ಬ್ರಾಹ್ಮೀಮುಹೂರ್ತದಲ್ಲಿ ಎದ್ದದ್ದೇ ಇಲ್ಲ. ಬೆಟ್ಟದ ಬುಡದಲ್ಲಿ ಚಹದಂಗಡಿ ಇಟ್ಟಿರುವ ಗಂಗಮಾಳವ್ವ ಹಾಲು ಉಕ್ಕದಂತೆ ಸೌಟಾಡಿಸುತ್ತಾ ಹೇಳಿದ ಕಥೆ ಇದು. ಆದರೆ ಬಂಡೆ ಸುಳ್ಳಲ್ಲ, ಬಂಡೆಯೊಳಗಿನ ಹೆಜ್ಜೆ ಸುಳ್ಳಲ್ಲ. ಚಪ್ಪಲಿ ಕಳಚಿಟ್ಟು ಮೇಲೇರಿದವರು ಕಣ್ಣಾರೆ ಕಾಣಬಹುದು.

ಪೂರ್ವಕಾಲದಲ್ಲಿ, ಅರಸರು ಆನೆಯ ಮೇಲೂ ಅಧಿಕಾರಿಗಳು ಅರಸರ ಹೆಸರಿನ ಮೇಲೂ ಸವಾರಿ ಮಾಡುತ್ತಿದ್ದ ಯುಗದಲ್ಲಿ, ಕುರುಚಲು ಗುಡ್ಡಗಳಿಂದಲೂ ಕರಿಗಲ್ಲಿನ ಹಾಸುಬಂಡೆಗಳಿಂದಲೂ ಪರಿಶೋಭಿತವಾದ ಕಂಚಿಗಲ್ಲು ಎಂಬ ಸೀಮೆಯಲ್ಲಿ, ಗ್ರಾಮರಕ್ಷಣಾಧುರಂಧರನಾದ ಮಾಳಿಂಗನೆಂಬ ತಳವಾರನಿದ್ದನು. ಕಳ್ಳಕಾಕರ ಹೆಜ್ಜೆಯ ಗುರುತು ಹಿಡಿಯುವುದು ಅವನ ವೃತ್ತಿ. ಎಲ್ಲಿ ಕಳವಾಯಿತೋ ಅಲ್ಲಿಗೆ ಮಣ್ಣಿನ ಕುಡಿಕೆಯೊಂದನ್ನು ಹಿಡಿದು ಹೋಗುವನು. ಕಳ್ಳನ ಹೆಜ್ಜೆಗಳಲ್ಲಿ ಚೆನ್ನಾಗಿ ಮೂಡಿದ್ದೊಂದನ್ನು ಆರಿಸಿ, ಗಾಳಿ ಮಳೆ ಕೋಳಿಕಾಲು ತಾಗದಂತೆ ಅದರ ಮೇಲೆ ಕುಡಿಕೆ ಕವುಚುವನು. ಆಮೇಲೆ ಊರವರ ಸಮ್ಮುಖದಲ್ಲಿ ಅದನ್ನು ಎತ್ತಿ, ಅದು ಯಾರ ಪಾದವೆಂದು ಸಾರುವನು.

ಆ ಸೀಮೆಯಲ್ಲಿ ತಳವಾರನಿರಲಿ, ಗೌಡನಿರಲಿ, ಲೆಕ್ಕ ಬರೆಯುವ ಸೇನಬೋವನಿರಲಿ, ಎಲ್ಲರಿಗೂ ಮಿಗಿಲಾದ ಪಾರುಪತ್ಯಗಾರನೇ ಇರಲಿ, ಅಧಿಕಾರ ವಹಿಸುವ ದಿನ ಬೆಟ್ಟದ ಮೇಲಿನ ಅಮ್ಮನ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು, "ಹೆಜ್ಜೆ ಹೋದಲ್ಲಿಗೆ ಹೋಗುವೆನು, ಹೆಜ್ಜೆ ನಿಂತ ಬಾಗಿಲಲ್ಲಿ ನಿಲ್ಲುವೆನು" ಎಂದು ಆಣೆ ಇಡಬೇಕೆಂಬುದು ಕಟ್ಟಳೆ. ಎಲ್ಲರೂ ಇಡುತ್ತಿದ್ದರು. ಇಟ್ಟ ಮೇಲೆ ಪ್ರಸಾದದ ಕಡುಬು ತಿಂದು ಇಳಿಯುತ್ತಿದ್ದರು. ಮಾಳಿಂಗ ಮಾತ್ರ ಆವೊತ್ತು ಆಣೆಯ ಭಾರಕ್ಕೆ ಕಡುಬು ತಿನ್ನಲಾರದೆ ಮಡಿಲಲ್ಲಿ ಕಟ್ಟಿಕೊಂಡು ಬಂದನೆಂದು ಹೇಳುತ್ತಾರೆ.

ಹೀಗಿರಲು, ಊರಂಚಿನ ದ್ಯಾಮವ್ವನೆಂಬ ವಿಧವೆಯ ಹಟ್ಟಿಯಿಂದ ಕರಿಯವ್ವನೆಂಬ ಎಮ್ಮೆ ಕಾಣೆಯಾಯಿತು. ಅದರ ಮೊಸರಿನ ಕೀರ್ತಿಯೋ ದಿಗಂತವಿಶ್ರಾಂತ. ಪಾರುಪತ್ಯಗಾರ ನಾಗರಸನು ತನ್ನ ಹೊಸ ಅಳಿಯನ ಆತಿಥ್ಯಕ್ಕಾಗಿ ಆ ಎಮ್ಮೆಯನ್ನು ಕೇಳಿ, "ನಮ್ಮ ಮನೆ ಮಗಳನ್ನ ಕೇಳ್ದಂಗಾತು ಬುದ್ಧಿ" ಎಂದು ದ್ಯಾಮವ್ವನಿಂದ ಹೇಳಿಸಿಕೊಂಡು ಹೋಗಿದ್ದ ಸಂಗತಿ ಊರಿಗೆಲ್ಲ ಗೊತ್ತಿತ್ತು.

ಎಮ್ಮೆಯ ಗೊರಸುಗಳ ಪಕ್ಕದಲ್ಲಿ ಮನುಷ್ಯನ ಹೆಜ್ಜೆಗಳಿದ್ದವು. ಮಾಳಿಂಗನು ಅವುಗಳನ್ನು ಹಿಂಬಾಲಿಸಿ ಬೆಟ್ಟವೇರಿ, ಅಮ್ಮನ ಬಂಡೆಯನ್ನು ತಲುಪಿದನು. ಬಂಡೆಯ ತಗ್ಗಿನಲ್ಲಿ ಮಳೆನೀರು ತಂದು ಹಾಸಿದ ತೆಳುವಾದ ಜೇಡಿಯ ಮೇಲೆ ಎಡಪಾದವೊಂದು ಅಚ್ಚೊತ್ತಿದಂತೆ ಮೂಡಿತ್ತು. ಹಿಮ್ಮಡಿ ಸರಿಯಿತ್ತು, ಉಂಗುಟ ಸರಿಯಿತ್ತು. ಕಿರುಬೆರಳಿರಬೇಕಾದ ಕಡೆ ಮಾತ್ರ ಮಣ್ಣು ನುಣ್ಣಗಿತ್ತು. ನೆಲವನ್ನು ಮುಟ್ಟದೆ ಮೇಲಕ್ಕೆ ಸೆಟೆದ ಕಿರುಬೆರಳು!

ಮಾಳಿಂಗ ಕುಡಿಕೆ ಕೆಳಗಿಟ್ಟು ಬಗ್ಗಿ ಮತ್ತೊಮ್ಮೆ ನೋಡಿದನು. ದಿನ ಬೆಳಗಾದರೆ ಉದ್ದಂಡ ಅಡ್ಡಬೀಳುವವನಿಗೆ ಒಡೆಯನ ಮುಖಕ್ಕಿಂತ ಪಾದಗಳೇ ಹೆಚ್ಚು ಪರಿಚಿತವಲ್ಲವೇ? ಆ ಸೆಟೆದ ಬೆರಳಿನೆದುರು ಅವನು ಎಷ್ಟು ವರ್ಷ ಹಣೆ ಹಚ್ಚಿದ್ದನು! ಅದು ನಾಗರಸನ ಪಾದವಾಗಿತ್ತು. ಆಳನ್ನು ಕಳಿಸಿದರೆ ಆಳಿಗೆ ಗೊತ್ತಾಗುತ್ತದೆ, ಮೆಟ್ಟು ಮೆಟ್ಟಿದರೆ ಅದರ ಕಿರುಗುಟ್ಟುವಿಕೆಗೆ ಎಮ್ಮೆ ಬೆದರುತ್ತದೆ ಎಂದು ಆ ಮಹಾನುಭಾವನು ಸ್ವತಃ ಬರಿಗಾಲಲ್ಲಿ, ಊರ ಕಣ್ಣು ತಪ್ಪಿಸಿ ಬೆಟ್ಟ ಬಳಸಿ ಬಂದಿದ್ದನು.

ಮಾಳಿಂಗ ಕುಡಿಕೆ ಕವುಚಿ ಊರಿಗೆ ಇಳಿಯುವಷ್ಟರಲ್ಲಿ ಅಲ್ಲಿ ಕಳ್ಳ ಸಿಕ್ಕಿಯೇ ಬಿಟ್ಟಿದ್ದನು. ಮಂಟಪದಲ್ಲಿ ತಂಗಿದ್ದ ಕಿನ್ನರಿ ಜೋಗಿ ಭೈರಯ್ಯನನ್ನು ಕಟ್ಟಿಹಾಕಿ, "ಊರಿಗೆ ಹೊಸಬನು ಇವನೊಬ್ಬನೇ" ಎಂದು ನಾಗರಸನು ತೀರ್ಪಿತ್ತಾಗಿತ್ತು. ದನ ಕದ್ದವನ ಪಾದ ಕಡಿಯುವುದು ಆಗಿನ ಶಿಕ್ಷೆ. ಹೊತ್ತು ಮುಳುಗುವಾಗ ಅಮ್ಮನ ಬಂಡೆಯ ಮೇಲೆಯೇ ಅದು ನಡೆಯಬೇಕೆಂದು ಆಜ್ಞೆಯಾಗಿತ್ತು.

ಸಂಜೆ ಊರೆಲ್ಲ ಬಂಡೆಯ ಮೇಲೆ ನೆರೆಯಿತು. ಜೋಗಿಯ ಪಕ್ಕದಲ್ಲಿ ಆಳೊಬ್ಬ ಕೊಡಲಿ ಮಸೆಯುತ್ತಿದ್ದನು.

ದ್ಯಾಮವ್ವ ಮುಂದೆ ಬಂದಳು. "ಮಾಳಿಂಗಣ್ಣಾ, ಕುಡಿಕೆ ಎತ್ತು. ಜೋಗಿ ಕದ್ದಿದ್ರೆ ಜೋಗಿ ಪಾದ ಇರ್ತೈತೆ. ನನ್ನ ಎಮ್ಮಿ ಹೋತು ಅಂತ ಯಾರ್ದೋ ಕಾಲು ನನಗ್ಯಾಕೆ?"

ಮಾಳಿಂಗ ಕುಡಿಕೆ ಎತ್ತಿದನು. ಗೌಡನು ಬಗ್ಗಿದನು, ಸೇನಬೋವನು ಬಗ್ಗಿದನು. ಇಬ್ಬರೂ ನಾಗರಸನಿಗೆ ದಿನವೂ ಅಡ್ಡಬೀಳುವವರೇ. ಬಗ್ಗಿದವರ ಮುಖ ಬಿಳಿಚಿತು. ಬಳಿಕ ಇಬ್ಬರೂ ಒಟ್ಟಿಗೆ ನೆಟ್ಟಗೆ ನಿಂತು ಆಕಾಶ ನೋಡತೊಡಗಿದರು.

"ಹಸಿಮಣ್ಣು ನೋಡಿ," ಎಂದನು ಗೌಡ. "ಹೆಜ್ಜೆ ಹಿಗ್ಗುತ್ತೆ, ಕುಗ್ಗುತ್ತೆ. ನಂಬಕಾಗಲ್ಲ."

ಕಟ್ಟಿಹಾಕಿದ್ದ ಜೋಗಿ ಅಲ್ಲಿಂದಲೇ ಹೆಜ್ಜೆಯನ್ನು ಇಣುಕಿ ನಕ್ಕನು. "ಗೌಡ್ರೇ, ನನ್ನ ಪಾದ ಹಿಗ್ಗಲಿ, ಕುಗ್ಗಲಿ. ಕಿರುಬೆರಳು ಎಲ್ಲಿಗೆ ಭಿಕ್ಷಕ್ಕೆ ಹೋತು?"

ನಾಗರಸನು ತಂಪಾದ ದನಿಯಲ್ಲಿ, "ಮಾಳಿಂಗಾ, ಅಪನಂಬಿಗೆಗೆ ಎಡೆಯಾದ ಗುರುತು ಇರಬಾರದು. ಅಳಿಸು" ಎಂದನು.

ಮಾಳಿಂಗ ಜೋಗಿಯ ಒಡಕು ಹಿಮ್ಮಡಿಯನ್ನು ನೋಡಿದನು. ಒಡೆಯನ ಕಣ್ಣನ್ನು ನೋಡಿದನು. ಮನೆಯಲ್ಲಿ ಒಲೆಯ ಮುಂದೆ ಕೂತಿರುವ ಹೆಂಡತಿ ನೆನಪಾದಳು, ತಳವಾರಿಕೆಯ ಹೊಲ ನೆನಪಾಯಿತು, ಆವೊತ್ತು ತಿನ್ನಲಾರದೆ ಮಡಿಲಲ್ಲಿ ಕಟ್ಟಿದ ಕಡುಬೂ ನೆನಪಾಯಿತು. ಕೊನೆಗೆ, ಹೇಳಲು ನಾಚಿಕೆ, ಅವನು ತನ್ನ ಬಲಗಾಲನ್ನು ಎತ್ತಿ ಆ ಹೆಜ್ಜೆಯ ಮೇಲಿಟ್ಟು ತೀಡಿದನು.

ಆಗ ನಡೆದದ್ದನ್ನು ಕಂಡವರಿಗೆ ಬಾಯಿ ಮುಚ್ಚಲು ಬಹಳ ಹೊತ್ತು ಹಿಡಿಯಿತಂತೆ. ಜೇಡಿಯ ಕೆಳಗಿದ್ದ ವಜ್ರಕಠಿಣವಾದ ಕರಿಗಲ್ಲು ನಾದಿದ ಹಿಟ್ಟಿನಂತೆ ಮೆತ್ತಗಾಗಿ, ತಳವಾರನ ಪಾದವನ್ನು ಕಾಲಿನ ಗಂಟಿನವರೆಗೆ ಒಳಗೆಳೆದುಕೊಂಡು, ಮರುಕ್ಷಣವೇ ಮತ್ತೆ ಕಲ್ಲಾಗಿ ಬಿಗಿಯಿತು!

ಗೌಡನು ರಟ್ಟೆ ಹಿಡಿದು ಎಳೆದನು. ಸೇನಬೋವನು ಹರಳೆಣ್ಣೆ ತರಿಸಿ ಸುರಿದನು. ಎಣ್ಣೆ ಬಂಡೆ ಕುಡಿಯಿತು, ಕಾಲು ಬರಲಿಲ್ಲ. ನಾಗರಸನು ಸಿಟ್ಟಿನಿಂದ ಅದೇ ಬಂಡೆಯನ್ನು ತನ್ನ ಎಡಗಾಲಿನಿಂದ ಒದ್ದನು. ಒಮ್ಮೆಯಲ್ಲ, ಹಲವು ಸಲ ಒದ್ದನು. ಬಂಡೆ ಅವನ ತಂಟೆಗೇ ಹೋಗಲಿಲ್ಲ. ಆ ಸೆಟೆದ ಬೆರಳಿಗೆ ತರಚು ಗಾಯವೂ ಆಗಲಿಲ್ಲ.

ಜನ ದಂಗಾದರು. ಮಾಳಿಂಗನಿಗೆ ನೋವಿಗಿಂತ ದಿಗ್ಭ್ರಮೆ ಹೆಚ್ಚಾಯಿತು. ಅವನು ಬಂಡೆಯ ಅಂಚಿನಲ್ಲಿದ್ದ ಅಮ್ಮನ ಗುಡಿಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದನು: "ಯವ್ವಾ! ಇದೆಂಥ ನ್ಯಾಯ? ಎಮ್ಮಿ ಹೊಡ್ಕೊಂಡು ಹೋದ ಕಾಲು ನಿನ್ನ ಮ್ಯಾಲೆ ಕುಣೀತೈತೆ, ಅಳಿಸಿದ ಕಾಲು ಹಿಡಿದೀಯಲ್ಲ!"

ಕೂಗಿದ ಮೇಲೆ ತಾನು ಏನು ಹೇಳಿಬಿಟ್ಟೆನೆಂದು ಅವನಿಗೆ ಹೊಳೆಯಿತು. ಊರಿಗೂ ಹೊಳೆಯಿತು. ಎಲ್ಲರ ಕಣ್ಣೂ ಒಂದೇ ಪಾದದ ಕಡೆ ತಿರುಗಿತು. ನಾಗರಸನು ಪಂಚೆಯ ಅಂಚನ್ನು ಕೆಳಕ್ಕೆ ಜಗ್ಗಿ ಬೆರಳು ಮುಚ್ಚಿಕೊಂಡನು.

ಆಗ ಗರ್ಭಗೃಹದಿಂದ ಮೇಘಗಂಭೀರವಾದ ವಾಣಿಯೊಂದು ಹೊರಟಿತು:

"ಮಗನೇ ಮಾಳಿಂಗಾ, ನನ್ನ ಎದೆಯ ಮೇಲೆ ನಿಂತು ಆಣೆ ಇಟ್ಟವರು ಅನೇಕರು. ನನ್ನ ಕಿವಿಯವರೆಗೆ ಬಂದದ್ದು ನಿನ್ನದೊಂದೇ. ಮಿಕ್ಕವರ ಮಾತು ಅವರವರ ಹಲ್ಲುಗಳನ್ನೇ ದಾಟಲಿಲ್ಲ. ಕೊಡದ ಮಾತನ್ನು ನಾನು ಯಾರಿಂದ ಕೇಳಿ ಪಡೆಯಲಿ? ನೀನು ಕೊಟ್ಟಿದ್ದೆ, ಅದರಿಂದ ಹಿಡಿದೆ. ಹೆಜ್ಜೆ ಹೋದಲ್ಲಿಗೆ ಹೋಗು, ಬಿಡುವೆನು."

ಗುಡುಗಿಗಿಂತ ಹೆಚ್ಚಾಗಿ ಈ ಮಾತಿಗೆ ಜನ ಬೆಚ್ಚಿದರು. ಗೌಡನೂ ಸೇನಬೋವನೂ ತಮ್ಮ ತಮ್ಮ ಕಾಲುಗಳನ್ನು ಎತ್ತಿ ನೋಡಿಕೊಂಡರು. ಎರಡೂ ಸಲೀಸಾಗಿ ಎದ್ದವು. ಅಷ್ಟು ಸಲೀಸಾಗಿ ಎದ್ದದ್ದಕ್ಕೇ ಸೇನಬೋವನಿಗೆ ಅಳು ಬಂತು.

ಮಾಳಿಂಗನು ಕಣ್ಣು ಮುಚ್ಚಿ ಹೇಳಿದನು: "ದ್ಯಾಮವ್ವಾ, ನಿನ್ನ ಕರಿಯವ್ವ ಪಾರುಪತ್ಯಗಾರರ ಹಿತ್ತಲಾಗೆ ಐತೆ. ಜೋಗೀನ ಬಿಡ್ರಪ್ಪಾ. ಬಾ, ನಾನೇ ನಿನ್ನ ಮುಂದೆ ನಡೀತೀನಿ."

ಕಾಲು ಬಂತು. ಅದು ಬಿಟ್ಟುಬಂದ ಕುಳಿಯಲ್ಲಿ ತಿಳಿನೀರು ಉಕ್ಕಿತು. ಕುಂಟುತ್ತಾ ಮಾಳಿಂಗ, ಅವನ ಹಿಂದೆ ದ್ಯಾಮವ್ವ, ಅವಳ ಹಿಂದೆ ಕಿನ್ನರಿ ಮೀಟುತ್ತಾ ಎರಡು ಕಾಲಿನ ಜೋಗಿ, ಅವರ ಹಿಂದೆ ಊರು. ನಾಗರಸನ ಹಿತ್ತಲ ಬಾಗಿಲಲ್ಲಿ ತಳವಾರ ನಿಂತನು. ಒಳಗಿಂದ ಎಮ್ಮೆ ಒಡತಿಯ ವಾಸನೆ ಹಿಡಿದು ಕೂಗಿತು.

ನಾಗರಸನಿಗೆ ಏನು ಶಿಕ್ಷೆಯಾಯಿತೆಂದು ಭಕ್ತಾದಿಗಳು ಕೇಳುವುದು ಸಹಜ. ಅವನಿಗೆ ಬೇರೊಂದು ಸೀಮೆಗೆ ವರ್ಗವಾಯಿತು, ಇದಕ್ಕಿಂತ ದೊಡ್ಡ ಸ್ಥಾನಕ್ಕೆ. ಪುರಾಣದಲ್ಲಿ ಹೀಗಾಗಬಹುದೇ ಎಂದು ಬಾಯಿ ತೆರೆಯಬೇಡಿ. ಬರೆದವನೂ ತೆರೆದಿದ್ದ. ಗಂಗಮಾಳವ್ವ, "ಅಲ್ಲೂ ಆಣೆ ಇಟ್ಟನಂತೆ ನೋಡು, ಕಡುಬೂ ತಿಂದನಂತೆ" ಎಂದು ಸೌಟು ಕುಟ್ಟಿದಳು. ಮಾಳಿಂಗನು ಮಾತ್ರ ಕಡೆತನಕ ಕುಂಟಿದನು, ಕಡೆತನಕ ತಳವಾರನಾಗಿಯೇ ಇದ್ದನು.

ಆ ಹೆಜ್ಜೆಗುಳಿಯ ನೀರು ಇಂದಿಗೂ ಬೇಸಿಗೆಯಲ್ಲಿಯೂ ಬತ್ತಿಲ್ಲ. ಈ ಸೀಮೆಗೆ ಹೊಸದಾಗಿ ಬರುವ ಪೊಲೀಸರು, ತಹಸೀಲ್ದಾರರು ಮೊದಲಾದ ಸಕಲ ಅಧಿಕಾರಿಗಳು ಬೂಟು ಕಳಚಿ ಅದರಲ್ಲಿ ಬಲಗಾಲಿಟ್ಟು, ತಾವು ಈಗಾಗಲೇ ಸ್ವೀಕರಿಸಿದ ಪ್ರಮಾಣವಚನವನ್ನು ಮತ್ತೊಮ್ಮೆ ನುಡಿಯುವುದು ವಾಡಿಕೆ. ಕುಳಿಯ ಪಕ್ಕ ಹೂ ಮಾರುವ ಮುದುಕಿ ಪ್ರತಿಯೊಬ್ಬರನ್ನೂ ಕೇಳುತ್ತಾಳೆ:

"ಬಂತೇ ಸಾಮಿ, ಕಾಲು?"

"ಬಂತಮ್ಮಾ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು!" ಎಂದು ಸಾಹೇಬರು ಹಿಗ್ಗಿ, ಅಮ್ಮ ಒಪ್ಪಿದಳೆಂದು ಫೋಟೊ ಹೊಡೆಸಿಕೊಂಡು ಇಳಿಯುತ್ತಾರೆ. ಮುದುಕಿ "ಅಯ್ಯೋ ಶಿವನೇ" ಎಂದು ಎದೆ ಒತ್ತಿಕೊಳ್ಳುತ್ತಾಳೆ. ಯಾರೂ ಸಾಹೇಬರಿಗೆ ಪುರಾಣ ಹೇಳಹೋಗುವುದಿಲ್ಲ.

ಹೋದ ಶ್ರಾವಣದಲ್ಲಿ ಒಬ್ಬಳು ಹೊಸ ಮಹಿಳಾ ಪೇದೆ ಬಂದಿದ್ದಳು. ಸಣಕಲು ಹುಡುಗಿ, ಟೊಪ್ಪಿಗೆ ತಲೆಗಿಂತ ದೊಡ್ಡದು. ಕಾಲಿಟ್ಟಳು, ನುಡಿದಳು, ಎತ್ತಹೋದಳು. ಬರಲಿಲ್ಲ. ಹೆಚ್ಚೇನಿಲ್ಲ, ಒಂದು ಉಸಿರಿನಷ್ಟು ಹೊತ್ತು. ಹುಡುಗಿ ಮುದುಕಿಯ ಕಡೆ ತಿರುಗಿದಳು. "ಅಜ್ಜೀ, ನನ್ನಿಂದೇನು ತಪ್ಪಾಯ್ತು?" ಎಂದಳು. ಮುದುಕಿ ಬುಟ್ಟಿಯ ಹೂವನ್ನೆಲ್ಲ ಅವಳ ಒದ್ದೆ ಪಾದದ ಮೇಲೆ ಸುರಿದು ಕೈಮುಗಿದಳು.

ಈ ಮಹಾತ್ಮೆಯನ್ನು ಓದಿದವರ ಎಮ್ಮೆ ಮನೆಯಲ್ಲೇ ಇರಲಿ, ಕೇಳಿದವರ ಕಾಲು ಹೋಗಬೇಕಾದ ಕಡೆಗೇ ನಡೆಯಲಿ. ಕೊನೆಯದಾಗಿ ಒಂದು ವಿಜ್ಞಾಪನೆ: ಇಂದಿನ ಚಹದ ದುಡ್ಡನ್ನು ಇಳಿಯುವಾಗ ಕೊಟ್ಟೇ ತೀರುವೆನೆಂದು ಬರೆದವನು ಬೆಳಿಗ್ಗೆ ಗಂಗಮಾಳವ್ವನೆದುರು ಅಮ್ಮನ ಆಣೆ ಇಟ್ಟಿದ್ದಾನೆ. ಈಗ ಬಂಡೆಯ ಮೇಲೆ ಕೂತಿದ್ದಾನೆ, ಜೇಬು ಬರಿದು, ಅಂಗಾಲು ಯಾಕೋ ಬೆಚ್ಚಗಾಗುತ್ತಿದೆ. ಕೆಳಗಿಳಿಯುವ ಪುಣ್ಯಾತ್ಮರು ದಯವಿಟ್ಟು ಒಂದು ಚಹದ ದುಡ್ಡು ಕೊಟ್ಟು ಹೋಗಿ. ಸ್ವಲ್ಪ ಬೇಗ.